ಬುಟ್ಟಿಯೋ, ಕಂಬಳಿಯೋ, ಹಗ್ಗವೋ, ಕೌದಿಯೋ? ಕೊಳ್ಳುವ ಮುಂಚೆ ಒಂದಿಷ್ಟು ಲೆಕ್ಕ

ತಂಗಿಯ ಮಗಳ ಮದುವೆಗೆ ಬಂದವರಿಗೆ ಸ್ಟೀಲ್ ಡಬ್ಬಿ ಕೊಡುವುದು ಬೇಡ, ಬಿದಿರಿನ ಬುಟ್ಟಿ ಕೊಡೋಣ ಎಂದು ಹಟ ಹಿಡಿದವಳು ನಾನೇ. ಅರವತ್ತು ಬುಟ್ಟಿ. ಹೇಳಿದ್ದು ಮದುವೆಗೆ ಹನ್ನೆರಡು ದಿನ ಇದ್ದಾಗ, ಎಂಟು ದಿನದಲ್ಲಿ ಕೈಗೆ ಬರಬೇಕೆಂದು. ಬುಟ್ಟಿ ಬಂದವು, ನೋಡಲು ಚೆಂದವೂ ಇದ್ದವು. ಧೂಳು ಕೂರಬಾರದೆಂದು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ, ಒಂದರ ಮೇಲೊಂದು ಪೇರಿಸಿ ಅಟ್ಟಕ್ಕೆ ಹಾಕಿದೆವು. ಮದುವೆಯ ಹಿಂದಿನ ರಾತ್ರಿ ಬಿಚ್ಚಿ ನೋಡಿದರೆ ಅರ್ಧಕ್ಕರ್ಧ ಬೂಸು ಹಿಡಿದಿತ್ತು. ಮದುವೆ ಗದ್ದಲ ಮುಗಿದ ಮೇಲೆ ಒಂದು ಬುಟ್ಟಿ ಹಿಡಿದುಕೊಂಡು ಹೆಣೆದಾಕೆಯ ಮನೆಗೆ ಜಗಳಕ್ಕೇ ಹೋದೆ. ಆಕೆ ಬುಟ್ಟಿಯನ್ನು ಮೂಗಿಗೆ ಹಿಡಿದು ನೋಡಿ, “ಹಸಿ ಬಿದಿರ ಅದ ಅಕ್ಕಾ. ಎಂಟು ದಿನದಾಗ ಬೇಕಂದ್ರ ಹಸೀದೇ ಕೊಡಬೇಕಾಗ್ತದ. ಅದನ್ನ ಚೀಲದಾಗ ಕಟ್ಟಿಟ್ರ ಉಸುರು ಹ್ಯಾಂಗ ಆಡ್ಬೇಕು?” ಎಂದಳು. ಜಗಳ ಅಲ್ಲಿಗೇ ಮುಗಿಯಿತು.

ನಾರಿನ ಕಸುಬಿನವರಿಗೆ ಏನಾದರೂ ಮಾಡಬೇಕು ಎಂಬ ಮನಸ್ಸು ಇರುವವರು ಕಲಬುರಗಿ, ಬೀದರ್, ಯಾದಗಿರಿಯಲ್ಲಿ ಕಡಿಮೆಯೇನಿಲ್ಲ. ಆದರೆ ಯಾವುದನ್ನು ಕೊಳ್ಳಬೇಕು, ಯಾರ ಹತ್ತಿರ, ಎಷ್ಟು ದಿನ ಮುಂಚೆ ಹೇಳಬೇಕು ಎನ್ನುವಲ್ಲಿ ಎಲ್ಲರೂ ನನ್ನ ಹಾಗೇ ಎಡವುತ್ತಾರೆ. ಬೀದರ್ ಕಡೆ ಕರಕುಶಲ ಎಂದರೆ ಮಾತು ನೇರ ಬಿದ್ರಿಗೆ, ಅಂದರೆ ಕಪ್ಪು ಲೋಹದ ಮೇಲಿನ ಬೆಳ್ಳಿ ಕುಸುರಿಗೆ, ಹೋಗುತ್ತದೆ. ಅದಕ್ಕೆ ಜಿಐ (ಭೌಗೋಳಿಕ ಗುರುತು) ಮಾನ್ಯತೆ ಇದೆ, ಗಾಜಿನ ಕಪಾಟಿದೆ, ಕೊಡಿಸುವ ಮಂತ್ರಿಗಳಿದ್ದಾರೆ. ಬುಟ್ಟಿ, ಹಗ್ಗ, ಚಾಪೆಗಳಿಗೆ ಅದ್ಯಾವುದೂ ಇಲ್ಲ. ಅವು ಬದುಕಿರುವುದು ನಮ್ಮ ಅಡುಗೆಮನೆ, ದನದ ಕೊಟ್ಟಿಗೆಗಳಲ್ಲಿ.

ನಾನು ಈಗ ಯಾವುದೇ ವಸ್ತು ಮುಂದಿಟ್ಟರೂ ಎರಡು ಪ್ರಶ್ನೆ ಕೇಳಿಕೊಳ್ಳುತ್ತೇನೆ. ಕೊಟ್ಟ ನೂರು ರೂಪಾಯಿಯಲ್ಲಿ ದುಡಿದ ಕೈಗೆ ಎಷ್ಟು ಉಳಿಯುತ್ತದೆ? ಇದನ್ನು ಮತ್ತೆ ಯಾವಾಗ ಕೊಳ್ಳುತ್ತೇನೆ? ಶೋಕೇಸಿನಲ್ಲಿಟ್ಟ ಬುಟ್ಟಿಯನ್ನು ಮನುಷ್ಯ ಜನ್ಮಕ್ಕೊಮ್ಮೆ ಕೊಳ್ಳುತ್ತಾನೆ. ರೊಟ್ಟಿ ಬುಟ್ಟಿ ಸವೆಯುತ್ತದೆ, ಕಾಳು ಕೇರುವ ಮರ (ದಕ್ಷಿಣದವರು ಮೊರ ಎನ್ನುತ್ತಾರೆ) ಹರಿಯುತ್ತದೆ, ಕಸಬರಿಗೆ ಮೊಂಡಾಗುತ್ತದೆ. ಹೆಣೆಯುವವರಿಗೆ ಹೊಟ್ಟೆಗೆ ಬರುವುದು ಈ ಸವೆತದಿಂದಲೇ.

ಬಿದಿರು

ಮೊದಲು ಇದನ್ನೇ ಹೇಳುತ್ತೇನೆ, ಏಕೆಂದರೆ ಬಹುತೇಕ ಜನ ಕೈ ಹಾಕುವುದೇ ಇಲ್ಲಿ. ಬುಟ್ಟಿ, ಹೆಡಿಗೆ, ಮರ, ತಟ್ಟಿ. ಮೇದಾರರ ಕಸುಬು. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ, ಅಂದರೆ ಇವತ್ತಿನ ಬೀದರ್ ಜಿಲ್ಲೆಯ ಬಸವಕಲ್ಯಾಣದಲ್ಲಿ, ಶರಣರ ನಡುವೆ ಮೇದಾರ ಕೇತಯ್ಯ ಕೂತದ್ದು ಇದೇ ಕಾಯಕದಿಂದ.

ತೊಂದರೆ ಎಂದರೆ ನಮ್ಮದು ಬಿದಿರು ಬೆಳೆಯುವ ಸೀಮೆ ಅಲ್ಲ. ಚಿಂಚೋಳಿ ಕಾಡು ಬಿಟ್ಟರೆ ತೊಗರಿ, ಜೋಳದ ಬಯಲು. ಬಿದಿರು ಹೊರಗಿನಿಂದ ಲಾರಿಯಲ್ಲಿ ಬರಬೇಕು, ಬಂದವನು ಹೇಳಿದ್ದೇ ರೇಟು. ನಾನು ಬುಟ್ಟಿಗೆ 120 ರೂಪಾಯಿ ಕೊಟ್ಟಿದ್ದೆ. ಅದರಲ್ಲಿ ಬಿದಿರಿಗೇ ಹತ್ತಿರ ಹತ್ತಿರ 50 ಹೋಯಿತು ಎಂದು ಆಕೆ ಬೆರಳು ಮಡಚಿ ಲೆಕ್ಕ ಹೇಳಿದಳು. ಆ 50 ಅನ್ನೂ ಸಾಲ ತಂದಿದ್ದಳು. ಸಾಲ ಕೊಟ್ಟವನೇ ಬುಟ್ಟಿ ಕೊಳ್ಳುವ ವ್ಯಾಪಾರಿಯೂ ಆಗಿದ್ದರೆ ಬೆಲೆ ಕಟ್ಟುವವರು ಯಾರು ಎಂದು ಬೇರೆ ಹೇಳಬೇಕಿಲ್ಲ. ಹಾಗಾಗಿ ಬಿದಿರಿನ ವಿಷಯದಲ್ಲಿ ನೀವು ಮಾಡಬಹುದಾದ ದೊಡ್ಡ ಉಪಕಾರವೆಂದರೆ ಮುಂಗಡ. ಚೌಕಾಸಿ ಬಿಡುವುದಕ್ಕಿಂತ ಅರ್ಧ ದುಡ್ಡನ್ನು ತಿಂಗಳು ಮುಂಚೆ ಕೊಡುವುದು ಹೆಚ್ಚು ಕೆಲಸ ಮಾಡುತ್ತದೆ.

ಆರಿಸುವಾಗ ಹೀಗೆ ನೋಡಿ. ಬಿದಿರು ಸೀಳಿದಾಗ ಹೊರಮೈಯ ಸೀಳು ಹೊಳೆಯುತ್ತದೆ, ಬಗ್ಗಿಸಿದರೆ ಚಿಮ್ಮುತ್ತದೆ. ಒಳತಿರುಳಿನ ಸೀಳು ಮಂಕಾಗಿ, ಮೆತ್ತಗೆ ಇರುತ್ತದೆ, ಬೇಗ ಮುರಿಯುತ್ತದೆ. ಪೂರ್ತಿ ಹೊರಮೈ ಸೀಳಿನಲ್ಲೇ ಹೆಣೆದ ಬುಟ್ಟಿ ದುಬಾರಿ, ಅದು ನ್ಯಾಯವೂ ಹೌದು. ಅಂಚಿನ ಸುತ್ತು ಮತ್ತು ತಳ ಹೊರಮೈಯದ್ದಾಗಿದ್ದರೆ ದಿನಬಳಕೆಗೆ ಸಾಕು. ತಳವನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ, ಸೀಳು ಪಕ್ಕಕ್ಕೆ ಸರಿದರೆ ಅವಸರದಲ್ಲಿ ಹೆಣೆದದ್ದು. ಬಿದಿರಿನೊಳಗಿನ ಪಿಷ್ಟಕ್ಕೆ ಹುಳ ಬೀಳುತ್ತದೆ. ಬುಟ್ಟಿಯ ಕೆಳಗೆ ಹಳದಿ ಹಿಟ್ಟು ಉದುರಿದ್ದು ಕಂಡರೆ ಬಿಟ್ಟುಬಿಡಿ.

ಮನೆಗೆ ತಂದ ಮೇಲೆ ಮಾಡಬೇಕಾದ್ದನ್ನು ನಮ್ಮ ಅವ್ವ ಮಾಡುತ್ತಿದ್ದಳು. ಮೆಂತ್ಯ ರಾತ್ರಿಯಿಡೀ ನೆನೆಹಾಕಿ, ಹಳೆ ಕಾಗದದ ಚೂರನ್ನೂ ನೆನೆಸಿ, ಎರಡನ್ನೂ ಒರಳಿನಲ್ಲಿ ರುಬ್ಬಿ ಮರದ ಬೆನ್ನಿಗೆ ಬಳಿಯುವುದು. ಒಣಗಿದ ಮೇಲೆ ಸೀಳಿನ ಸಂದು ಮುಚ್ಚಿ ಮರ ಗಟ್ಟಿಯಾಗುತ್ತದೆ, ಹಿಟ್ಟು ಸೋರುವುದಿಲ್ಲ. ಬಳಿದ ಮರ ನಾಲ್ಕಾರು ವರ್ಷ ಬಾಳುವುದನ್ನು ನೋಡಿದ್ದೇನೆ. ಆದರೆ ರೊಟ್ಟಿ ಬುಟ್ಟಿಯ ಒಳಗೆ ಬಳಿಯಬೇಡಿ. ಬಿಸಿ ಜೋಳದ ರೊಟ್ಟಿಯ ಹಬೆ ಹೊರಗೆ ಹೋಗಲೆಂದೇ ಆ ಸಂದು ಇರುವುದು. ಸ್ಟೀಲ್ ಡಬ್ಬಿಯಲ್ಲಿ ತಳದ ರೊಟ್ಟಿ ನೆನೆದು ಹಿಟ್ಟಾಗುತ್ತದೆ, ಬುಟ್ಟಿಯಲ್ಲಿ ಆಗುವುದಿಲ್ಲ.

ಕಂಬಳಿ

ಬಿದಿರಿಗೆ ಹೋಲಿಸಿದರೆ ಇದು ತದ್ವಿರುದ್ಧ ಲೆಕ್ಕ. ಕಚ್ಚಾ ಮಾಲು ಮನೆ ಮುಂದೆಯೇ ಮೇಯುತ್ತಿದೆ, ಆದರೆ ಯಾರಿಗೂ ಬೇಡ. ದಖನಿ ಕುರಿಯ ಉಣ್ಣೆ ಒರಟು. ಕತ್ತರಿಸುವ ಕೂಲಿಯೂ ಉಣ್ಣೆಯಿಂದ ಹುಟ್ಟುವುದಿಲ್ಲವೆಂದು ಕತ್ತರಿಸಿದ್ದನ್ನು ಹೊಲದಲ್ಲೇ ಬಿಟ್ಟು ಹೋಗುವ ಕುರಿಗಾಹಿಗಳಿದ್ದಾರೆ. ಅವರ ಸಂಪಾದನೆ ಮಾಂಸದಿಂದ, ಮತ್ತೆ ಹೊಲದಲ್ಲಿ ಹಿಂಡು ತರುಬಿದ್ದಕ್ಕೆ ರೈತ ಕೊಡುವ ಕಾಳಿನಿಂದ. ಮಾಂಸವೇ ಮುಖ್ಯ ಎಂದಾದಾಗ ಉಣ್ಣೆ ಕೊಡದ ತಳಿಗಳು ಹಿಂಡಿಗೆ ಸೇರುತ್ತವೆ, ಕರಿ ಉಣ್ಣೆಯ ಕುರಿ ಕಡಿಮೆಯಾಗುತ್ತದೆ. ಮಗ್ಗ ನಿಲ್ಲುವ ಮೊದಲು ಕುರಿಯೇ ಹೋಗುತ್ತದೆ.

ಒಂದು ನಿಜವಾದ ಕಂಬಳಿಯ ಹಿಂದೆ ಮೂರು ಮನೆಗಳಿರುತ್ತವೆ: ಕುರಿ ಸಾಕಿದವರದು, ನೂತ ಹೆಂಗಸಿನದು, ಕುಣಿ ಮಗ್ಗದಲ್ಲಿ ಕೂತವನದು. ನೂಲಿಗೆ ಹುಣಸೆ ಬೀಜದ ಗಂಜಿ ಹಾಕುತ್ತಾರೆ. ಹೊಸ ಕಂಬಳಿ ಹಲಗೆಯ ಹಾಗೆ ಬಿರುಸಾಗಿರುವುದು, ಮಳೆ ಹನಿ ಕೂತರೂ ಒಳಗಿಳಿಯದೆ ಜಾರುವುದು ಅದರಿಂದ. ಕೊಪ್ಪೆ ಹಾಕಿಕೊಂಡು ಮಳೆಯಲ್ಲಿ ಕುರಿ ಹಿಂದೆ ನಿಂತವನಿಗೆ ಛತ್ರಿ ಬೇಡ. ಇಷ್ಟು ಕೈ ದಾಟಿ ಬಂದ ಕಂಬಳಿ ಸಾವಿರಗಳಲ್ಲೇ ಇರುತ್ತದೆ.

ಸಂತೆಯಲ್ಲಿ ನಾನೂರಕ್ಕೋ ಐನೂರಕ್ಕೋ ಕಂಬಳಿ ಸಿಕ್ಕಿತೆಂದು ಖುಷಿಪಡುವವರು ಒಂದು ಎಳೆ ಕಿತ್ತು ಬೆಂಕಿಗೆ ಹಿಡಿದು ನೋಡಿ. ಉಣ್ಣೆಯಾದರೆ ಸುಟ್ಟ ಕೂದಲಿನ ವಾಸನೆ ಬರುತ್ತದೆ, ಬೂದಿ ಬೆರಳಲ್ಲಿ ಪುಡಿಯಾಗುತ್ತದೆ. ಕರಗಿ ಗಟ್ಟಿ ಮಣಿಯಾದರೆ ಅದು ಅಕ್ರಿಲಿಕ್ಕೋ ಪಾಲಿಯೆಸ್ಟರೋ. ಹಳೆ ಬಟ್ಟೆಗಳನ್ನು ಚಿಂದಿ ಮಾಡಿ ಮತ್ತೆ ನೂತು ಪಾಣಿಪತ್ತಿನ ಕಾರ್ಖಾನೆಗಳಲ್ಲಿ ನೇಯ್ದ ಹೊದಿಕೆಗಳು ದೇಶದ ತುಂಬ ಇವೆ. ಅವು ಕೆಟ್ಟವಲ್ಲ, ಚಳಿಗೆ ಆಗುತ್ತವೆ. ನಮ್ಮ ಕುರಿಗಾಹಿಗೆ ಮಾತ್ರ ಅದರಿಂದ ಒಂದು ಪೈಸೆ ಹೋಗುವುದಿಲ್ಲ.

ಇನ್ನೊಂದು ಮಾತನ್ನು ಮುಚ್ಚಿಡುವುದಿಲ್ಲ: ದಖನಿ ಕಂಬಳಿ ಚುಚ್ಚುತ್ತದೆ. ಕೂಸಿಗೆ ಹೊದಿಸಲು ಕೊಳ್ಳಬೇಡಿ. ನೆಲಕ್ಕೆ ಹಾಸಲು, ಕೂತು ಪೂಜೆ ಮಾಡಲು, ಹೊಲ ಕಾಯಲು ಅದಕ್ಕೆ ಸಾಟಿಯಿಲ್ಲ. ತೊಳೆದರೆ ಗಂಜಿ ಹೋಗುತ್ತದೆ, ಬಿಸಿಲಿಗೆ ಹಾಕಿ ಕೊಡವಿ, ನಡುವೆ ಬೇವಿನ ಸೊಪ್ಪಿಟ್ಟು ಮಡಚಿಡಿ. ಹೀಗೆ ಇಟ್ಟುಕೊಂಡರೆ ಅದು ನಿಮ್ಮ ಮಕ್ಕಳವರೆಗೂ ಬರುತ್ತದೆ, ಅಂದರೆ ನೇಕಾರನ ಮನೆಗೆ ನೀವು ಮತ್ತೆ ಹೋಗುವುದೇ ಇಲ್ಲ. ನನ್ನ ಎರಡನೆಯ ಪ್ರಶ್ನೆಗೆ ಕಂಬಳಿ ಸೋಲುವುದು ಇಲ್ಲಿ. ಅದಕ್ಕೇ ದೊಡ್ಡ ಕಂಬಳಿ ಒಂದರ ಬದಲು ಸಣ್ಣ ಆಸನಗಳನ್ನು ಹೇಳಿ ಮಾಡಿಸುವುದು ಒಳ್ಳೆಯದು. ಮೈಲಾರ ದೇವರ ಒಕ್ಕಲಿನವರ ಮನೆಗಳಲ್ಲಿ ಕಂಬಳಿ ಗದ್ದುಗೆ ಹೇಗೂ ಬೇಕು. ಯಾದಗಿರಿಯ ಮೈಲಾಪುರದಲ್ಲಿ ಸಂಕ್ರಾಂತಿ ಜಾತ್ರೆ, ಭಾಲ್ಕಿ ತಾಲ್ಲೂಕಿನ ಖಾನಾಪುರದಲ್ಲಿ ಮೈಲಾರ ಮಲ್ಲಣ್ಣ ಇರುವ ಸೀಮೆ ಇದು, ಗದ್ದುಗೆಗೆ ಗಿರಾಕಿ ಹುಡುಕಬೇಕಿಲ್ಲ.

ಹಗ್ಗ

ಪುಂಡಿ ಪಲ್ಯ ತಿಂದವರೆಲ್ಲ ಪುಂಡಿ ನಾರನ್ನು ಮರೆತಿದ್ದಾರೆ. ತೊಗರಿ, ಜೋಳದ ಹೊಲದ ಬದುವಿಗೆ ಒಂದೆರಡು ಸಾಲು ಪುಂಡಿ ಹಾಕಿ, ಎಳೆಯ ಎಲೆ ಪಲ್ಯಕ್ಕೆ ಚಿವುಟಿ, ಬಲಿತ ಕಡ್ಡಿಯನ್ನು ಕಟ್ಟು ಕಟ್ಟಿ ಹಳ್ಳದಲ್ಲಿ ಮುಳುಗಿಸಿ ಮೇಲೆ ಕಲ್ಲು ಹೇರುತ್ತಿದ್ದರು. ಎರಡು ವಾರ, ನೀರು ತಣ್ಣಗಿದ್ದರೆ ಇನ್ನೂ ನಾಲ್ಕು ದಿನ. ಕೊಳೆತ ವಾಸನೆಗೆ ಆ ದಾರಿಯಲ್ಲಿ ಮೂಗು ಮುಚ್ಚಿ ನಡೆಯಬೇಕು. ಆಮೇಲೆ ಸಿಪ್ಪೆ ಸುಲಿದು, ಜಾಲಿಸಿ, ಒಣಗಿಸಿದರೆ ಬೆಳ್ಳಗಿನ ನಾರು. ಮೂರೆಳೆಗೆ ಹುರಿ ಹಾಕಿ ಹೊಸೆದರೆ ಕಣ್ಣಿ, ಮೂಗುದಾರ, ಬಾವಿ ಹಗ್ಗ, ನೆಲುವು. ಬದುವಿನಂಚಿನ ಕತ್ತಾಳೆಯಿಂದಲೂ ಹೀಗೇ.

ನೈಲಾನ್ ಹಗ್ಗ ಬಂದು ಇದನ್ನು ಹೊಡೆಯಿತು ಎನ್ನುತ್ತಾರೆ. ನನಗೆ ಕಾಣುವಂತೆ ಅದಕ್ಕಿಂತ ಟ್ರ್ಯಾಕ್ಟರ್ ಹೊಡೆದದ್ದು ಹೆಚ್ಚು. ಎತ್ತೇ ಇಲ್ಲದ ಮನೆಗೆ ಕಣ್ಣಿ ಯಾಕೆ? ಎತ್ತಿರುವವರಿಗೆ ಮಾತ್ರ ವ್ಯತ್ಯಾಸ ಗೊತ್ತು: ನೈಲಾನ್ ದಾರ ಎತ್ತಿನ ಮೂಗು ಕೊಯ್ಯುತ್ತದೆ, ಪುಂಡಿ ನಾರು ಬೆವರು ಹೀರಿ ಮೆತ್ತಗಾಗುತ್ತದೆ. ಕಾರಹುಣ್ಣಿಮೆಗೆ ಹೊಸ ಮೂಗುದಾರ, ಪಂಚಮಿಗೆ ಜೋಕಾಲಿ ಹಗ್ಗ, ಈಗಲೂ ಬೇಡಿಕೆ ಇರುವುದು ಈ ಎರಡು ಹೊತ್ತಿಗೆ. ಒಂದು ಎಚ್ಚರಿಕೆ: ಜೋಕಾಲಿಗಾದರೆ ಈ ವರ್ಷದ ಹೊಸ ಹಗ್ಗವೇ ಬೇಕು. ನಾರಿನ ಹಗ್ಗ ನೆನೆದು ಒಣಗಿ ಒಳಗೊಳಗೇ ಲಡ್ಡಾಗುತ್ತದೆ, ಹೊರಗೆ ಗೊತ್ತಾಗುವುದಿಲ್ಲ. ಹುರಿಯನ್ನು ಸ್ವಲ್ಪ ಬಿಚ್ಚಿ ಒಳ ಎಳೆ ನೋಡಿ, ಕಪ್ಪಾಗಿದ್ದರೆ ಕೂಸುಗಳನ್ನು ಕೂರಿಸಬೇಡಿ.

ಬೆಲೆಯಲ್ಲಿ ಇದು ಎಲ್ಲಕ್ಕಿಂತ ಅಗ್ಗ, ಕಚ್ಚಾ ಮಾಲಿಗೆ ದುಡ್ಡೇ ಇಲ್ಲದಷ್ಟು. ಕೊಟ್ಟದ್ದು ಬಹುಪಾಲು ಕೈಗೇ ಹೋಗುತ್ತದೆ, ಆದರೆ ಕೊಡುವುದೇ ಕಡಿಮೆ. ಹೊಡಕೆ ಹುಲ್ಲು ಕೊಯ್ದು ಹಗ್ಗ ಹೊಸೆದು ಮಾರಿ ದಾಸೋಹ ನಡೆಸಿದ ಶರಣ ನುಲಿಯ ಚಂದಯ್ಯನ ಕತೆಯನ್ನು ಬಸವಕಲ್ಯಾಣದ ವೇದಿಕೆಗಳಲ್ಲಿ ಪ್ರತಿವರ್ಷ ಹೇಳುತ್ತಾರೆ. ಕೆರೆಯಲ್ಲಿ ಲಿಂಗ ಜಾರಿ ಬಿದ್ದರೂ ಹುಲ್ಲಿನ ಹೊರೆ ಬಿಡಲಿಲ್ಲವಂತೆ. ಆ ವೇದಿಕೆಯ ಶಾಮಿಯಾನಕ್ಕೆ ಕಟ್ಟಿದ್ದು ಮಾತ್ರ ನೀಲಿ ಪ್ಲಾಸ್ಟಿಕ್ ಹಗ್ಗ.

ಸಿಂದಿ ಗಿಡದ ಚಾಪೆ, ಕಸಬರಿಗೆ

ಈಚಲನ್ನು ನಮ್ಮಲ್ಲಿ ಸಿಂದಿ ಗಿಡ ಎನ್ನುತ್ತಾರೆ. ಹಳ್ಳದ ದಂಡೆಯಲ್ಲಿ ತಾನಾಗಿ ಬೆಳೆಯುವುದು, ಗರಿ ಕೊಯ್ದು ಒಣಗಿಸಿ ಹೆಣೆಯುವುದು. ಕಸಬರಿಗೆ ಕಣ್ಣುಮುಚ್ಚಿ ಕೊಳ್ಳಿ, ಆರು ತಿಂಗಳಿಗೊಮ್ಮೆ ಮತ್ತೆ ಕೊಳ್ಳಲೇಬೇಕಾಗುತ್ತದೆ, ಅದೇ ಅದರ ಗುಣ. ಚಾಪೆಯಲ್ಲಿ ಮಾತ್ರ ಅಂಚು ನೋಡಿ. ಅಂಚಿಗೆ ಪ್ಲಾಸ್ಟಿಕ್ ದಾರ ಹಾಕಿ ಹೊಲಿದದ್ದು ಗರಿಯನ್ನೇ ಕೊಯ್ಯುತ್ತದೆ. ಕಲಬುರಗಿಯ ಏಪ್ರಿಲ್ ಬಿಸಿಲಿಗೆ ಗರಿ ಪುಡಿಪುಡಿಯಾಗುತ್ತದೆ, ಬೇಸಿಗೆಯಲ್ಲಿ ವಾರಕ್ಕೊಮ್ಮೆ ನೀರು ಚಿಮುಕಿಸಿ.

ಕೌದಿ

ಹಳೆ ಸೀರೆ, ಧೋತರಗಳನ್ನು ಪದರ ಪದರ ಜೋಡಿಸಿ ಹೊಲಿದ ಹೊದಿಕೆ. ಇದನ್ನು ಕರಕುಶಲ ಎಂದು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ, ಮನೆಗೆಲಸ ಎಂದುಕೊಳ್ಳುತ್ತಾರೆ. ನನ್ನ ಮೊದಲ ಪ್ರಶ್ನೆಗೆ ಇದಕ್ಕಿಂತ ಚೆನ್ನಾಗಿ ಉತ್ತರ ಕೊಡುವ ವಸ್ತು ಇನ್ನೊಂದಿಲ್ಲ. ಸೀರೆ ನಿಮ್ಮದೇ, ಧೋತರ ನಿಮ್ಮದೇ. ದಾರ, ಸೂಜಿ ಬಿಟ್ಟರೆ ಉಳಿದ ದುಡ್ಡೆಲ್ಲ ಹೊಲಿದಾಕೆಗೆ. ನಡುವೆ ಯಾರಿಗೂ ನಿಲ್ಲಲು ಜಾಗವೇ ಇಲ್ಲ. ಆದರೆ ಹಳೆಯದೆಂದು ಪಾಲಿಯೆಸ್ಟರ್ ಸೀರೆ ಗಂಟು ಕಟ್ಟಿ ಕೊಡಬೇಡಿ. ಸೂಜಿ ಜಾರುತ್ತದೆ, ಹೊದ್ದವರು ಬೆವರುತ್ತಾರೆ. ಹತ್ತಿಯದ್ದಷ್ಟೇ ಆರಿಸಿ, ಒಗೆದು ಕೊಡಿ. ಕೂಲಿಯನ್ನು ಕೌದಿಗಿಷ್ಟು ಎಂದು ಮಾತಾಡದೆ ದಿನಕ್ಕಿಷ್ಟು ಎಂದು ಮಾತಾಡಿ. ಹೊಲಿಗೆ ಎಷ್ಟು ಒತ್ತಾಗಿರಬೇಕೆಂದು ಆಗ ಆಕೆ ಅವಸರವಿಲ್ಲದೆ ತೀರ್ಮಾನಿಸುತ್ತಾಳೆ. ನಮ್ಮ ಮನೆಯಲ್ಲಿ ಕೊನೆಯ ಮೂಲೆ ಮುಚ್ಚುವ ಮುಂಚೆ ಒಳಗೆ ಒಂದು ಚೂರು ಹೋಳಿಗೆ ಇಟ್ಟು ಹೊಲಿಯುತ್ತಿದ್ದರು. ಕೌದಿಯ ಹೊಟ್ಟೆ ಖಾಲಿ ಇರಬಾರದಂತೆ.

ಯಾರ ಹತ್ತಿರ ಕೊಳ್ಳುವುದು

ಮೇಳ, ಎಂಪೋರಿಯಂ, ಆನ್‌ಲೈನ್, ಸಂತೆ, ಜಾತ್ರೆ, ಹೆಣೆಯುವವರ ಓಣಿ. ಸರ್ಕಾರದ ಕಾವೇರಿ ಮಳಿಗೆಯನ್ನು ನಡೆಸುವ ಕರಕುಶಲ ಅಭಿವೃದ್ಧಿ ನಿಗಮ 1964ರಿಂದ ಇದೆ, ಅಲ್ಲಿ ಸಿಗುವುದು ಹೆಚ್ಚಾಗಿ ಉಡುಗೊರೆಯ ಸರಕು. ಮರ, ಕಸಬರಿಗೆ ಕೊಳ್ಳಲು ಅಲ್ಲಿಗೆ ಯಾರೂ ಹೋಗುವುದಿಲ್ಲ. ಸರಸ್ ಮೇಳದಂಥ ಕಡೆ ಸ್ವಸಹಾಯ ಸಂಘದ ಹೆಣ್ಣುಮಕ್ಕಳೇ ಕೂತಿರುತ್ತಾರೆ, ಮಾತಾಡಬಹುದು, ಊರು ಕೇಳಬಹುದು. ಮೇಳದಲ್ಲಿ ಒಂದು ಕೊಂಡು ಬರುವುದಕ್ಕಿಂತ ಆ ಪರಿಚಯ ಮುಖ್ಯ. ಆನ್‌ಲೈನಿನಲ್ಲಿ ಬೆಲೆ ಹೆಚ್ಚಿದ್ದರೂ ಹೆಣೆದವರಿಗೆ ಎಷ್ಟು ಹೋಯಿತೆಂದು ತಿಳಿಯುವ ದಾರಿ ಬಹಳ ಕಡೆ ಇಲ್ಲ. ದೂರದ ಊರಲ್ಲಿರುವ ಮಕ್ಕಳಿಗೆ ಕಳಿಸಬೇಕಾದರೆ ಅದು ಇರಲಿ.

ನಮ್ಮ ಜಿಲ್ಲೆಗಳಲ್ಲೇ ಇರುವವರಿಗೆ ಓಣಿಯೇ ಸರಿ. ಅರ್ಧ ದಿನ ಹೋಗುತ್ತದೆ, ಆದರೆ ಅಳತೆ ಹೇಳಿ ಮಾಡಿಸಬಹುದು, ಹರಿದದ್ದನ್ನು ರಿಪೇರಿಗೆ ಒಯ್ಯಬಹುದು. ಸಂತೆ ಎರಡನೆಯದು. ಅಲ್ಲಿ ಸಂಜೆ ಹೊತ್ತಿಗೆ ಹೋಗಬೇಡಿ. ಉಳಿದದ್ದನ್ನು ಹೊತ್ತು ವಾಪಸ್ ಹೋಗುವ ಬಸ್ ಚಾರ್ಜು ಉಳಿಯಲೆಂದು ಅರ್ಧ ಬೆಲೆಗೆ ಕೊಡುತ್ತಾರೆ, ನಾವು ಲಾಭವೆಂದು ತರುತ್ತೇವೆ.

ದುಡ್ಡಿನ ಹೊರತಾಗಿ

ಕೆಲವರು ತರಬೇತಿ ಶಿಬಿರ ಮಾಡಿಸೋಣ ಎನ್ನುತ್ತಾರೆ. ನಲವತ್ತು ವರ್ಷ ಹೆಣೆದವಳಿಗೆ ಹೆಣೆಯಲು ಕಲಿಸುವ ಶಿಬಿರ ನಾನು ನೋಡಿದ್ದೇನೆ. ಸರ್ಟಿಫಿಕೇಟು ಕೊಟ್ಟರು, ಫೋಟೊ ತೆಗೆದರು, ಬಿದಿರಿನ ರೇಟು ಅಷ್ಟೇ ಇತ್ತು. ಅದರ ಬದಲು ಒಂದು ಮಧ್ಯಾಹ್ನ ಅರ್ಜಿ ತುಂಬಲು ಕೂತರೆ ಹೆಚ್ಚು ಉಪಯೋಗ. 2023ರ ಸೆಪ್ಟೆಂಬರ್ 17ರಂದು ಶುರುವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಬುಟ್ಟಿ, ಚಾಪೆ, ಕಸಬರಿಗೆ ಮಾಡುವವರು ಮತ್ತು ತೆಂಗಿನ ನಾರು ನೇಯುವವರು ಒಟ್ಟಿಗೆ ಒಂದು ಕಸುಬಾಗಿ ಇದ್ದಾರೆ. ಸಲಕರಣೆಗೆ 15,000 ರೂಪಾಯಿ, ತರಬೇತಿಯ ದಿನಗಳಿಗೆ ದಿನಕ್ಕೆ 500, ಶೇಕಡಾ 5ರ ಬಡ್ಡಿಯಲ್ಲಿ ಮೊದಲು 1 ಲಕ್ಷ, ತೀರಿಸಿದ ಮೇಲೆ 2 ಲಕ್ಷದವರೆಗೆ ಸಾಲ. ಒಂದು ಕುಟುಂಬಕ್ಕೆ ಒಬ್ಬರಿಗೆ ಮಾತ್ರ. ಅರ್ಜಿ ಸಾಮಾನ್ಯ ಸೇವಾ ಕೇಂದ್ರದಲ್ಲಿ, ಪರಿಶೀಲನೆ ಗ್ರಾಮ ಪಂಚಾಯಿತಿಯಿಂದ ಶುರು. ಅರ್ಜಿ ತೆಗೆದುಕೊಳ್ಳುತ್ತಿದ್ದಾರೆಯೇ ಎಂದು ಮೊದಲು ವಿಚಾರಿಸಿ, ಆಧಾರ್‌ಗೆ ಜೋಡಿಸಿದ ಮೊಬೈಲ್ ನಂಬರು ಚಾಲ್ತಿಯಲ್ಲಿದೆಯೇ ನೋಡಿ. ಆ 18ರಲ್ಲಿ ಕಂಬಳಿ ನೇಯುವವರು ಇಲ್ಲ. ಕೇಂದ್ರ ಜವಳಿ ಸಚಿವಾಲಯ ಕೊಡುವ ಕುಶಲಕರ್ಮಿಗಳ ಪೆಹಚಾನ್ ಕಾರ್ಡು ಬೇರೆ, ಇದ್ದರೆ ಮೇಳಗಳಲ್ಲಿ ಮಳಿಗೆ ಸಿಗಲು ಅನುಕೂಲ.

ಹೊಲ ಇರುವವರಿಗೆ ಇನ್ನೊಂದು ದಾರಿ. 2017ರ ತಿದ್ದುಪಡಿಯಿಂದ ಕಾಡಿನಾಚೆ ಬೆಳೆದ ಬಿದಿರು ಕೇಂದ್ರದ ಅರಣ್ಯ ಕಾಯ್ದೆಯ ಲೆಕ್ಕದಲ್ಲಿ ಮರ ಅಲ್ಲ. ಬದುವಿಗೆ ನಾಲ್ಕು ಮೆಳೆ ಹಾಕಿಕೊಂಡರೆ ಊರಿನ ಮೇದಾರರು ಲಾರಿಗೆ ಕಾಯಬೇಕಿಲ್ಲ. ನೀರಿರುವ ಕಡೆ ಮಾತ್ರ, ಒಣ ಬದುವಿಗೆ ಪುಂಡಿಯೇ ಸರಿ.

ಒಂದಿಷ್ಟು ದುಡ್ಡು ಇಟ್ಟುಕೊಂಡು ಆರಿಸು ಎಂದರೆ ನಾನು ಆರಿಸುವುದು ಹತ್ತಿ ಕೌದಿ ಮತ್ತು ದಿನಬಳಕೆಯ ಬಿದಿರು. ಅಪ್ಪನಿಗೆ, ಮಾವನಿಗೆ ಉಡುಗೊರೆಯಾದರೆ ಕಂಬಳಿ ಗದ್ದುಗೆ. ದನ ಕಟ್ಟಿದವರಿಗೆ ಕೇಳುವುದೇ ಬೇಡ, ಹಗ್ಗ.

ಈ ಸಲ ಎಳ್ಳಮವಾಸ್ಯೆಗೆ ಹೊಲಕ್ಕೆ ರೊಟ್ಟಿ, ಭಜ್ಜಿಯ (ಕಾಳು, ತರಕಾರಿ ಬೆರೆಸಿದ ಪಲ್ಯ) ಬುತ್ತಿ ಒಯ್ಯಲು ಐದು ಬುಟ್ಟಿ ಬೇಕಿತ್ತು. ದೀಪಾವಳಿ ಮುಗಿದ ವಾರವೇ ಅದೇ ಓಣಿಗೆ ಹೋಗಿ ಅರ್ಧ ಮುಂಗಡ ಕೈಗಿಟ್ಟೆ. ಆಕೆ ದುಡ್ಡು ಸೆರಗಿಗೆ ಕಟ್ಟಿಕೊಂಡು, “ಒಳಗ ಏನ್ ಇಡ್ತೀರಿ ಅಕ್ಕಾ? ರೊಟ್ಟಿ ಅಂದ್ರ ಸಂದು ಬಿಟ್ಟು ಹೆಣಿತೀನಿ, ಭಜ್ಜಿ ಗಡಿಗಿ ಇಡೋದಿದ್ರ ತಳಾ ಜೋಡಿ ಹಾಕ್ಬೇಕಾಗ್ತದ” ಎಂದಳು. ಮೂರು ರೊಟ್ಟಿಗೆ, ಎರಡು ಗಡಿಗೆಗೆ ಎಂದು ಹೇಳಿ ಬಂದೆ.